ಈಜಿದ್ದು ಒಂದೂವರೆ ಕಿಲೋಮೀಟರ್, ಸರಿದದ್ದು ಸೊನ್ನೆ

1500 ಮೀಟರ್ ಈಜು ಸ್ಪರ್ಧೆ ನೋಡಿದ್ದೀರಾ? ಕೊಳದ ಉದ್ದ 50 ಮೀಟರ್. ಆ ತುದಿ ಮುಟ್ಟಿ, ಗೋಡೆಗೆ ಒದ್ದು, ಮತ್ತೆ ಈ ತುದಿಗೆ. ಹೀಗೆ 30 ಸಲ. ಎಲ್ಲ ಮುಗಿಸಿ ಚಿನ್ನ ಗೆದ್ದವನು ತಲೆ ಎತ್ತಿ ನೋಡಿದರೆ, ಹೊರಟ ಗೋಡೆಯ ಹತ್ತಿರವೇ ಇರುತ್ತಾನೆ. ಈಜಿದ ದೂರ ಒಂದೂವರೆ ಕಿಲೋಮೀಟರ್, ಸ್ಥಾನಪಲ್ಲಟ ಸೊನ್ನೆ. ಕೊನೆಗೆ ಬಂದವನದ್ದೂ ಸೊನ್ನೆಯೇ. ಇನ್ನೂ ತಮಾಷೆ ಅಂದರೆ, ನಡುವೆ ಸುಸ್ತಾಗಿ ಆಚೆ ತುದಿಯಲ್ಲೇ ಕೈಚೆಲ್ಲಿ ನಿಂತವನೊಬ್ಬ ಇದ್ದರೆ, ಅವನದ್ದು ಮಾತ್ರ 50 ಮೀಟರ್! ಈ ಲೆಕ್ಕದಲ್ಲಿ ಪದಕ ಅವನಿಗೇ ಹೋಗಬೇಕು, ಅಲ್ವಾ?

ದೂರ ಅಂದರೆ ಸಾಗಿದ ದಾರಿಯ ಅಷ್ಟೂ ಉದ್ದ. ಸುತ್ತಿದ್ದು, ತಿರುಗಿದ್ದು, ವಾಪಸ್ ಬಂದದ್ದು ಎಲ್ಲ ಸೇರಿ. ಸ್ಥಾನಪಲ್ಲಟ ಕೇಳುವುದು ಎರಡೇ ಪ್ರಶ್ನೆ: ಎಲ್ಲಿಂದ ಹೊರಟೆ, ಎಲ್ಲಿ ನಿಂತೆ? ಎರಡಕ್ಕೂ ನಡುವೆ ಒಂದು ನೇರ ಗೆರೆ, ಜೊತೆಗೆ ದಿಕ್ಕು. ಪೂರ್ವಕ್ಕೆ 3 ಕಿಲೋಮೀಟರ್, ಅಲ್ಲಿಂದ ಉತ್ತರಕ್ಕೆ 4 ಕಿಲೋಮೀಟರ್ ನಡೆದರೆ ಕಾಲಿಗೆ 7. ಸ್ಥಾನಪಲ್ಲಟಕ್ಕೆ 5, ಅದೂ ಈಶಾನ್ಯದಿಂದ ಸ್ವಲ್ಪ ಉತ್ತರಕ್ಕೆ ವಾಲಿ. ದೂರ ಯಾವತ್ತೂ ಇದಕ್ಕಿಂತ ಕಡಿಮೆ ಆಗುವುದಿಲ್ಲ. ತಿರುಗದೆ ನೆಟ್ಟಗೆ ಹೋದಾಗ ಮಾತ್ರ ಎರಡೂ ಒಂದೇ.

ನನ್ನ ಒಲವೇನೋ ದೂರದ ಕಡೆಗೇ. ಸವೆಯುವ ಚಪ್ಪಲಿ, ಬರಿದಾಗುವ ಪೆಟ್ರೋಲ್ ಟ್ಯಾಂಕು ಕೂಡ ಅದರ ಪಕ್ಷವೇ. ಸುರಿಸಿದ ಬೆವರನ್ನೆಲ್ಲ ಬಿಟ್ಟು ಸುಮ್ನೆ ಒಂದು ಗೆರೆ ಎಳೆದುಬಿಡುವ ಸ್ಥಾನಪಲ್ಲಟ ಸ್ವಲ್ಪ ಕೃತಘ್ನ ಅನಿಸುತ್ತದೆ.

ಆದರೆ ಮ್ಯಾರಥಾನ್‌ನವರು ಅದಕ್ಕೆ ಬಹಳ ಬೆಲೆ ಕೊಡುತ್ತಾರೆ. ಓಟ 42.195 ಕಿಲೋಮೀಟರ್ ಇದ್ದರೆ ಸಾಲದು. ವಿಶ್ವದಾಖಲೆ ಎನಿಸಬೇಕಾದರೆ, ಹೊರಡುವ ಜಾಗಕ್ಕೂ ಮುಗಿಸುವ ಜಾಗಕ್ಕೂ ನಡುವಿನ ನೇರ ಅಂತರ ಓಟದ ಉದ್ದದ ಅರ್ಧವನ್ನು ಮೀರಬಾರದು. ಒಂದೇ ದಿಕ್ಕಿಗೆ ಓಡುತ್ತಾ ಹೋದರೆ ಬೆನ್ನ ಹಿಂದಿನ ಗಾಳಿ ಉದ್ದಕ್ಕೂ ನೂಕುತ್ತದೆ. ಸುತ್ತಿ ಬಂದರೆ ಅದೇ ಗಾಳಿ ಎದೆಗೂ ಬಡಿಯುತ್ತದೆ. 2011ರ ಬೋಸ್ಟನ್ ಮ್ಯಾರಥಾನನ್ನು ಕೀನ್ಯಾದ ಜೆಫ್ರಿ ಮುತಾಯ್ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಮುಗಿಸಿದರು. ಅಲ್ಲಿಯವರೆಗೆ ಯಾರೂ ಅಷ್ಟು ಬೇಗ ಓಡಿರಲಿಲ್ಲ. ಆದರೂ ವಿಶ್ವದಾಖಲೆಯಾಗಲಿಲ್ಲ. ದಾರಿ ಇಳಿಜಾರು ಎಂಬುದು ಒಂದು ತಕರಾರು, ಸ್ಥಾನಪಲ್ಲಟ ಇನ್ನೊಂದು. ಪಾಪ, ಓಡಿದ ದೂರ ಸರಿಯಾಗಿಯೇ ಇತ್ತು. ಸರಿದದ್ದು ಜಾಸ್ತಿಯಾಯಿತು!

ಗಾಳಿಯ ಅಣುಗಳ ಕಷ್ಟ ಇದಕ್ಕೆ ತಿರುಗುಮುರುಗು. ಕೋಣೆಯೊಳಗೆ ಒಂದು ನೈಟ್ರೋಜನ್ ಅಣು ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಆದರೆ ಅಷ್ಟರಲ್ಲೇ ನೂರಾರು ಕೋಟಿ ಸಲ ಬೇರೆ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಪ್ರತಿ ಡಿಕ್ಕಿಗೂ ದಿಕ್ಕು ಬದಲು. ಸೆಕೆಂಡು ಮುಗಿದಾಗ, ಹೊರಟಲ್ಲಿಂದ ಅದು ಸರಿದಿರುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್! ಅತ್ತರಿನ ಅಣುಗಳ ಪಾಡೂ ಇದೇ. ಗಾಳಿ ಒಂಚೂರೂ ಅಲುಗದಿದ್ದರೆ ಆ ಮೂಲೆಯ ಘಮ ಈ ಮೂಲೆಗೆ ಬರಲು ಗಂಟೆಗಟ್ಟಲೆ ಬೇಕು. ಅದು ನಮಗೆ ಬೇಗ ತಲುಪುವುದು ಕೋಣೆಯ ಗಾಳಿಯೇ ಸುಳಿದಾಡಿ ಹೊತ್ತು ತರುವುದರಿಂದ. ಫ್ಯಾನ್ ಹಾಕಿದರಂತೂ ಕೇಳುವುದೇ ಬೇಡ.