ಹುತ್ತಕ್ಕೆ 2,174 ಡಾಲರ್ ಹಾಲು

ಕೆಲಸ ಹೋಯಿತು ಅಂತ ನ್ಯೂಜೆರ್ಸಿಯಿಂದ ಫೋನ್ ಮಾಡಿದರೆ ಶಿವಮೊಗ್ಗದ ಅಮ್ಮ ಮೊದಲು ಕೇಳಿದ್ದು, "ಇನ್ಶೂರೆನ್ಸ್ ಕಥೆ ಏನೋ?"

"ಕೋಬ್ರಾ ಇದೆ ಅಮ್ಮ."

ಆ ಕಡೆ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಮೊದಲು ಬಂದು ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸು" ಅಂದಳು.

ಅಮ್ಮನದೇನೂ ತಪ್ಪಿಲ್ಲ. ಅಮೆರಿಕದ 1985ರ ಒಂದು ಬಜೆಟ್ ಕಾಯ್ದೆಯ ಮಾರುದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದಾಗ ಹೆಡೆ ಎತ್ತಿದ ಹಾವಿದು. 1986ರ ಏಪ್ರಿಲ್‌ನಲ್ಲಿ ಅಧ್ಯಕ್ಷ ರೇಗನ್ ಸಹಿ ಹಾಕಿ ಬುಟ್ಟಿಯಿಂದ ಬಿಟ್ಟರು. ಕೆಲಸ ಕಳಕೊಂಡವನು ಕಂಪನಿಯ ಗುಂಪು ವಿಮೆಯಲ್ಲೇ ಇನ್ನೂ 18 ತಿಂಗಳು ಇರಬಹುದು. ಹಕ್ಕು ಕಣ್ರೀ, ಹಕ್ಕು! ಪೂರ್ತಿ ಪ್ರೀಮಿಯಂ ನಾವೇ ಕಟ್ಟಬೇಕು, ಮೇಲೆ ನಿರ್ವಹಣೆಗೆಂದು 2 ಪರ್ಸೆಂಟ್ ದಕ್ಷಿಣೆ, ಅಷ್ಟೆ. 2024ರಲ್ಲಿ ಇಲ್ಲಿನ ಕಂಪನಿಗಳ ಕುಟುಂಬ ವಿಮೆಯ ಸರಾಸರಿ ವರ್ಷಕ್ಕೆ 25,572 ಡಾಲರ್, ಅದರಲ್ಲಿ ನೌಕರನ ಪಾಲು 6,296. ಅಂದರೆ ಸಂಬಳ ಬರುವಾಗ ತಿಂಗಳಿಗೆ 525 ಕಟ್ಟುತ್ತಿದ್ದವನು ಸಂಬಳ ನಿಂತ ಮೇಲೆ 2,174 ಕಟ್ಟಬೇಕು. ಬಾವಿ ಬತ್ತಿದ ದಿನವೇ ನೀರಿನ ಕಂದಾಯ ನಾಲ್ಕು ಪಟ್ಟು ಏರಿಸಿದ ಹಾಗೆ. ಕುಕ್ಕೆಯ ಸರ್ಪ ಎರಡು ದಿನದಲ್ಲಿ ಶಾಂತವಾಗುತ್ತದೆ, ಇದಕ್ಕೆ ಒಂದೂವರೆ ವರ್ಷ ತನಿ ಎರೆಯಬೇಕು. ಕಂಪನಿಯೇ ಬಾಗಿಲು ಹಾಕಿ ವಿಮೆ ರದ್ದು ಮಾಡಿದರೆ ಇದೂ ಇಲ್ಲ. ಹುತ್ತವೇ ಹೋದ ಮೇಲೆ ಹಾವೆಲ್ಲಿ?

ಲಕೋಟೆಯಲ್ಲಿ ಕೋಬ್ರಾದ ಕಾಗದ ಬಂದ ಮೇಲೆ ಬೇಕೋ ಬೇಡವೋ ಹೇಳಲು 60 ದಿನ. ಬೇಕು ಅಂದ ಮೇಲೆ ಮೊದಲ ಕಂತಿಗೆ ಇನ್ನೂ 45 ದಿನ. ಬಾಕಿಯೆಲ್ಲ ಚುಕ್ತಾ ಮಾಡಿದರೆ ವಿಮೆ ಹಿಂದಿನ ತಾರೀಖಿನಿಂದಲೇ ಲಾಗೂ. ಯುಗಾದಿ ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಹಿರಿಯರೊಬ್ಬರು ಕಿವಿಯಲ್ಲಿ ಉಸುರಿದರು: "ಈಗ್ಲೇ ಸಹಿ ಹಾಕ್ಬೇಡಿ. 59 ದಿನ ಸುಮ್ನಿರಿ. ಕಾಲು ಮುರಿದ್ರೆ ಮಾತ್ರ ತಗೊಳ್ಳಿ."

ಮೊದಲು ಮೂಳೆ, ಆಮೇಲೆ ಪಾಲಿಸಿ!

ಅಂದಿನಿಂದ ಮನೆಯಲ್ಲಿ ಹೆಂಡತಿಯ ನಿಷೇಧಾಜ್ಞೆ. ಏಣಿಗೆ ಬೀಗ. ಮಗನ ಟ್ರ್ಯಾಂಪೊಲಿನ್ ಮೇಲೆ ಟಾರ್ಪಾಲು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಆ ಲಕೋಟೆ, ಪಕ್ಕದಲ್ಲಿ ಊರಿಂದ ತಂದ ಕ್ಯಾಲೆಂಡರು. ರಾಹುಕಾಲದ ಮೇಲೆಯೇ ಕೆಂಪು ಶಾಯಿಯಲ್ಲಿ ದಿನಗಳ ಲೆಕ್ಕ. ನಾನು ಸೀನಿದರೆ ಸಾಕು, "ಎಷ್ಟನೇ ದಿನ?" ಅಂತ ಅಡುಗೆಮನೆಯಿಂದ ಕೂಗು.

ನನ್ನಂಥ ಎಚ್-1ಬಿ ವೀಸಾದವನಿಗೆ, ಅಂದರೆ ಕೆಲಸದ ಆಸರೆಯಲ್ಲೇ ಇಲ್ಲಿರುವವನಿಗೆ, ಇನ್ನೊಂದು ಗಡಿಯಾರವೂ ಉಂಟು. ಕೆಲಸ ಹೋದ ಮೇಲೆ ಈ ದೇಶದಲ್ಲಿರಲು ಸಿಗುವ ರಿಯಾಯಿತಿಯೂ ಹೆಚ್ಚೆಂದರೆ 60 ದಿನವೇ. 18 ತಿಂಗಳ ವಿಮೆ ಕೊಟ್ಟ ಸರ್ಕಾರವೇ ಎರಡು ತಿಂಗಳಿಗೆ ವಿಮಾನ ಹತ್ತು ಅನ್ನುತ್ತದೆ. ಉಳಿದ 16 ತಿಂಗಳು ಕಾಯಿಲೆಯನ್ನು ನ್ಯೂಜೆರ್ಸಿಯ ನಮ್ಮೂರು ಎಡಿಸನ್ನಿನಲ್ಲೇ ಬಿಟ್ಟು ನಾನೊಬ್ಬನೇ ಶಿವಮೊಗ್ಗಕ್ಕೆ ಹೋಗಬೇಕೇನೋ.

52ನೇ ದಿನ ರಾತ್ರಿ ಮಗ ಕೆನ್ನೆ ಹಿಡಿದುಕೊಂಡು ಬಂದ. ಹಲ್ಲುನೋವು. ಲಕೋಟೆ ಬಿಚ್ಚಿ ನೋಡಿದರೆ ಹಲ್ಲಿಗೆ ಬೇರೆ ಪಾಲಿಸಿ, ಬೇರೆ ಟಿಕ್ಕು, ಬೇರೆ ಕಂತು. ಹೆಂಡತಿ ಒಂದು ಮಾತೂ ಆಡದೆ ಸಾಸಿವೆ ಡಬ್ಬಿಯ ಹಿಂದಿದ್ದ ಲವಂಗದ ಡಬ್ಬಿ ತೆಗೆದಳು.