ಕಾಮಗಾರಿ ಭರದಿಂದ ಸಾಗಿದೆ, ಪ್ರಾರ್ಥಿಸಿ

ನಮ್ಮ ಚರ್ಚಿನ ನವೀಕರಣದ ಬಗ್ಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ತಗಡಿನ ಬೇಲಿ ನೋಡಿದ್ದೀರಿ, ಬೇಲಿಗೆ ಬಿಗಿದ ಫ್ಲೆಕ್ಸನ್ನೂ ನೋಡಿದ್ದೀರಿ. ಅದರಲ್ಲಿ ಧರ್ಮಾಧ್ಯಕ್ಷರಿದ್ದಾರೆ, ಧರ್ಮಗುರುಗಳಿದ್ದಾರೆ, ಕಟ್ಟಡ ಸಮಿತಿಯ ಅಷ್ಟೂ ಮಂದಿ ಕೋಟು ತೊಟ್ಟು ನಿಂತಿದ್ದಾರೆ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಬರೆಯಲು ಮಾತ್ರ ಜಾಗ ಸಾಲಲಿಲ್ಲ.

ಹಾಗೆಂದು ಜನರಿಗೆ ಮಾಹಿತಿಯೇ ಸಿಗುತ್ತಿಲ್ಲ ಎಂದರೆ ನಾಲಿಗೆ ಬಿದ್ದೀತು. ಪ್ರತಿ ಭಾನುವಾರ ಕೊನೆಯ ಆಶೀರ್ವಾದಕ್ಕೆ ಮುನ್ನ ಪ್ರಕಟಣೆ ಇದ್ದೇ ಇದೆ: ಕಾಮಗಾರಿ ಭರದಿಂದ ಸಾಗಿದೆ, ಪ್ರಾರ್ಥಿಸಿ, ಸಹಕರಿಸಿ. ಸಹಕಾರದ ಲಕೋಟೆ ಬಾಗಿಲಲ್ಲೇ ಸಿಗುತ್ತದೆ. ವಾಟ್ಸ್‌ಆ್ಯಪ್ ಗುಂಪೂ ಇದೆ. ಏಳೂವರೆಯ ಪೂಜೆ ಶಾಲೆಯ ಸಭಾಂಗಣದಲ್ಲಿ ಎಂಬ ಸಂದೇಶ ಏಳೂಮುಕ್ಕಾಲಿಗೆ ಬಂತು. ಬರೆಯುವ ಹಕ್ಕು ಅಡ್ಮಿನ್‌ಗಳಿಗಷ್ಟೇ; ಕೈಮುಗಿದ ಚಿತ್ರ ಒತ್ತುವ ಸ್ವಾತಂತ್ರ್ಯ ನಮಗೆಲ್ಲರಿಗೂ ಉಂಟು. ಚರ್ಚಿನ ನಮ್ಮ ವಾರ್ಡಿನ ಮುಖಂಡರಾದ ಗುರಿಕಾರರನ್ನು ಕೇಳಿದರೆ ಚರ್ಚಿನ ಪಾಲನಾ ಪರಿಷತ್ತಿನ ಉಪಾಧ್ಯಕ್ಷರ ಕಡೆ ತೋರಿಸುತ್ತಾರೆ, ಅವರು ಎಂಜಿನಿಯರ್ ಕಡೆ, ಎಂಜಿನಿಯರ್ ಆಕಾಶದ ಕಡೆ.

ಹಾಸನದ ಶೆಟ್ಟಿಹಳ್ಳಿಯ ರೋಸರಿ ಚರ್ಚ್ ಇದಕ್ಕಿಂತ ಎಷ್ಟೋ ವಾಸಿ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಚಾವಣಿಯಿಲ್ಲ, ಕಟ್ಟಡ ಸಮಿತಿಯಂತೂ ಇಲ್ಲವೇ ಇಲ್ಲ. ಆದರೂ ಈ ತಿಂಗಳು ಅದು ಯಾವ ಸ್ಥಿತಿಯಲ್ಲಿದೆ ಎಂದು ಬೈಕಿನಲ್ಲಿ ಫೋಟೊ ತೆಗೆಯಲು ಹೋಗುವ ಹುಡುಗರೂ ಹೇಳಬಲ್ಲರು.

ಪ್ಯಾರಿಸ್ಸಿನವರಿಗೆ ನಮ್ಮಷ್ಟು ಭಕ್ತಿ ಇಲ್ಲವೆಂದು ಕಾಣುತ್ತದೆ. 2019ರ ಏಪ್ರಿಲ್ 15ರಂದು ಅಲ್ಲಿನ ಪ್ರಧಾನ ಚರ್ಚ್ ನೋತ್ರ ದಾಮ್ ಹೊತ್ತಿ ಉರಿಯಿತು. ಐದು ವರ್ಷದ ಗಡುವು ಹಾಕಿಕೊಂಡರು, 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆದರು. 84 ಕೋಟಿ ಯೂರೊ ಮೀರಿ ಬಂದ ದೇಣಿಗೆಯನ್ನು ಸರ್ಕಾರಿ ಲೆಕ್ಕಪರಿಶೋಧಕರು ಜಾಲಾಡಿ ವರದಿ ಹೊರಡಿಸಿದರು. ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಬೇಲಿಯ ಮೇಲೆಯೇ ಚಿತ್ರಸಮೇತ ಹಾಕಿದ್ದರು. ನಮ್ಮಲ್ಲಿ ಏನೂ ಸುಟ್ಟಿರಲಿಲ್ಲ. ನೆಲಕ್ಕೆ ಗ್ರಾನೈಟ್ ಬೇಕಿತ್ತು, ಅಷ್ಟೇ.

ಹಳೆಯ ಬೆಂಚುಗಳು ಸ್ಮಶಾನದ ಗೋಡೆ ಬದಿಯಲ್ಲಿ ಮಳೆಗೆ ನೆನೆಯುತ್ತಿವೆ. ಒಂದರ ಬೆನ್ನಿನಲ್ಲಿ ‘ತಾಯಿಯ ನೆನಪಿಗಾಗಿ’ ಎಂಬ ಬಿಳಿ ಅಕ್ಷರಗಳು ಇನ್ನೂ ಮಾಸಿಲ್ಲ. ಅದನ್ನು ಕೊಟ್ಟ ಮನೆಯವರಿಗೆ ಒಂದು ಮಾತು ಹೇಳಿದವರಿಲ್ಲ. ಬೀಡಿ ಕಟ್ಟಿ ಲಕೋಟೆ ತುಂಬಿಸಿದ ಹೆಂಗಸೊಬ್ಬರು ಒಟ್ಟು ಎಷ್ಟಾಯಿತು ಎಂದು ಕೇಳಿದರೆ, ದೇವರಿಗೆ ಕೊಟ್ಟದ್ದಕ್ಕೆ ಲೆಕ್ಕ ಕೇಳುತ್ತಾರೆಯೇ ಎಂಬ ಉಪದೇಶ.

ಕೇಳುತ್ತಾರೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ 1287ನೇ ನಿಯಮ ಓದಿ: ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು. 1267 ಓದಿ: ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕು. ಇದನ್ನು ಬರೆದವರು ನಾಸ್ತಿಕರಲ್ಲ, ರೋಮಿನವರು. ಬಂದದ್ದೆಷ್ಟು, ಹೋದದ್ದೆಷ್ಟು, ಮುಂದಿನ ವಾರ ಪೂಜೆ ಎಲ್ಲಿ, ಎಷ್ಟು ಹೊತ್ತಿಗೆ? ಒಂದು ಹಾಳೆ, ನಾಲ್ಕು ಸಾಲು. ಅದಕ್ಕೂ ಒಂದು ಸಮಿತಿ ಮಾಡಬೇಕೇ?