ಸತ್ಯಾಂಶ: ಹೊಂಗೆ ಎಣ್ಣೆಯನ್ನು ಸೀದಾ ಟ್ರ್ಯಾಕ್ಟರಿಗೆ ಹಾಕಬಹುದಾ?

‘ಗಾಣದ ಹೊಂಗೆ ಎಣ್ಣೆಯನ್ನೇ ಟ್ಯಾಂಕಿಗೆ ಸುರಿಯಿರಿ, ಡೀಸೆಲ್ ಬೇಕಿಲ್ಲ’ ಅನ್ನುವ ಸಂದೇಶ ಚಳ್ಳಕೆರೆ, ಹಿರಿಯೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಇಂಜಿನ್ ಓಡುತ್ತದೆ, ನಿಜ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಶೇಂಗಾ ಎಣ್ಣೆಯಲ್ಲಿ ಡೀಸೆಲ್ ಇಂಜಿನ್ ಓಡಿಸಿದ್ದರು. ತೊಂದರೆ ಶುರುವಾಗೋದು ಆಮೇಲೆ. ಈ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಇಂಜಿನ್ ಒಳಗೆ ಇಂಧನ ಚಿಮ್ಮಿಸುವ ನಾಜಲ್‌ನಿಂದ ಸಣ್ಣ ಹನಿಯಾಗಿ ಸಿಡಿಯೋದಿಲ್ಲ. ಅರ್ಧಂಬರ್ಧ ಉರಿದು ನಾಜಲ್ ತುದಿಗೆ, ಪಿಸ್ಟನ್ ರಿಂಗಿಗೆ ಮಸಿ ಕಟ್ಟುತ್ತದೆ.

ಬಯೋಡೀಸೆಲ್ಲೇ ಬೇರೆ. ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಸುಮಾರು 60 ಡಿಗ್ರಿಯಲ್ಲಿ ಕಾಯಿಸಿದರೆ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ. ಮೇಲಿನ ತೆಳು ಭಾಗವನ್ನು ತೊಳೆದು, ನೀರಿನಂಶ ತೆಗೆದರೆ ಅದೇ ಬಯೋಡೀಸೆಲ್. ಡೀಸೆಲ್‌ಗೆ ಅದನ್ನು ಶೇ 20ರಷ್ಟು ಬೆರೆಸಿದಾಗ ಪರೀಕ್ಷೆಗಳಲ್ಲಿ ಇಂಜಿನ್ ಚೆನ್ನಾಗಿಯೇ ಓಡಿದೆ. ಹೊಗೆ ಕಡಿಮೆ, ಗಾಳಿ ಕೆಡಿಸುವ ನೈಟ್ರೋಜನ್ ಆಕ್ಸೈಡ್ ಅನಿಲ ಮಾತ್ರ ತುಸು ಜಾಸ್ತಿ. ಮೆಥನಾಲ್ ವಿಷ, ಬೇಗ ಬೆಂಕಿ ಹಿಡಿಯುತ್ತದೆ. ಮನೆಯಲ್ಲಿ ಸುಮ್ನೆ ಪ್ರಯೋಗ ಬೇಡ.